ಪಥ್ಯವೋ ಮಾತ್ರೆಯೋ: ಜಗಳ ಬೇಡ, ಲೆಕ್ಕ ಇರಲಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮನೆಯಲ್ಲಿ ಒಬ್ಬರಿಗೆ ಬಿ.ಪಿ. ಇದೆ ಎಂದು ವೈದ್ಯರು ಹೇಳಿದ ದಿನದಿಂದ ಈ ಗಾದೆಯ ಎರಡು ಭಾಗಗಳಿಗೂ ಪರೀಕ್ಷೆ ಆರಂಭವಾಗುತ್ತದೆ. ಊಟಕ್ಕೆ ಕುಳಿತಾಗಲೆಲ್ಲ ಮಾತು ಬೆಳೆಯುತ್ತದೆ. ‘ಉಪ್ಪಿನಕಾಯಿ ಮುಟ್ಟಬೇಡಿ ಅಂತ ಡಾಕ್ಟರು ಹೇಳಿಲ್ಲವೇನ್ರೀ?’ ಎಂದು ಹೆಂಡತಿ. ‘ಮಾತ್ರೆ ನುಂಗ್ತಾ ಇದ್ದೀನಲ್ಲ, ಇನ್ನೇನು?’ ಎಂದು ಗಂಡ. ಪಕ್ಕದ ಮನೆಯಲ್ಲಿ ಇದೇ ಮಾತು ತಿರುಗುಮುರುಗು. ‘ಉಪ್ಪು ಕಡಿಮೆ ಮಾಡಿದ್ದೀನಿ, ದಿನಾ ನಡೀತೀನಿ, ಮಾತ್ರೆ ಯಾಕೆ ಬೇಕು?’ ಎನ್ನುವವರು ಅಲ್ಲಿ ಹೆಂಡತಿ, ‘ಬರೆದುಕೊಟ್ಟಿದ್ದನ್ನು ತಗೋಬಾರದೇನೇ?’ ಎನ್ನುವವರು ಗಂಡ.

ಇಬ್ಬರೂ ಪರಸ್ಪರ ಒಳ್ಳೆಯದನ್ನೇ ಬಯಸುವವರು. ಆದರೂ ಜಗಳ ತೀರುವುದಿಲ್ಲ. ಏಕೆಂದರೆ ಅವರು ಪಥ್ಯ ಮತ್ತು ಮಾತ್ರೆಗಳನ್ನು ಎದುರಾಳಿಗಳಂತೆ ನಿಲ್ಲಿಸಿ ವಾದಿಸುತ್ತಿದ್ದಾರೆ. ಮಾತ್ರೆ ಹಿಡಿದರೆ ಸೋತಂತೆ ಎಂದು ಒಬ್ಬರ ನಂಬಿಕೆ. ಮಾತ್ರೆ ಇದ್ದ ಮೇಲೆ ಪಥ್ಯಕ್ಕೆ ರಜೆ ಎಂದು ಇನ್ನೊಬ್ಬರ ನಂಬಿಕೆ. ಎರಡೂ ತಪ್ಪು. ಈ ಅಂಕಣದ ಅಭಿಪ್ರಾಯ ಇಷ್ಟು: ಪಥ್ಯ ಇಡೀ ಮನೆಯದಾಗಬೇಕು, ಮಾತ್ರೆಯ ಹೊಣೆ ಕಾಯಿಲೆ ಇರುವವರದಾಗಬೇಕು, ಪಥ್ಯವೊಂದೇ ಸಾಕೇ ಸಾಲದೇ ಎಂಬ ತೀರ್ಪನ್ನು ಯಾರ ಹಟಕ್ಕೂ ಬಿಡದೆ ರಕ್ತದೊತ್ತಡದ ಅಳತೆಗೆ ಬಿಡಬೇಕು.

ನೋವಿಲ್ಲದ ಕಾಯಿಲೆ

ಏರು ರಕ್ತದೊತ್ತಡದ ದೊಡ್ಡ ತೊಂದರೆ ಎಂದರೆ ಅದು ತೊಂದರೆ ಕೊಡದಿರುವುದು. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿ.ಪಿ. ಏರಿದೆ ಎಂದು ನಾವು ತಿಳಿಯುತ್ತೇವೆ. ಬಹುಪಾಲು ಜನರಿಗೆ ಅಂಥದ್ದೇನೂ ಆಗುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಏರಿದ ಒತ್ತಡದಲ್ಲಿ ರಕ್ತನಾಳಗಳ ಗೋಡೆ ಗಡುಸಾಗುತ್ತದೆ, ಹೃದಯದ ಸ್ನಾಯು ದಪ್ಪವಾಗುತ್ತದೆ, ಮೂತ್ರಪಿಂಡದ ಸೂಕ್ಷ್ಮ ಜಾಲರಿಗಳು ಹಾಳಾಗುತ್ತವೆ. ಕೊನೆಗೊಂದು ದಿನ ಪಾರ್ಶ್ವವಾಯು ಬಡಿದಾಗಲೋ ಎದೆನೋವು ಬಂದಾಗಲೋ ಮನೆಯವರು ‘ಮೊನ್ನೆಯವರೆಗೆ ಗಟ್ಟಿಮುಟ್ಟಾಗಿದ್ದರು’ ಎನ್ನುತ್ತಾರೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15 ವರ್ಷ ದಾಟಿದ ಭಾರತೀಯ ಗಂಡಸರಲ್ಲಿ ಶೇ. 24 ಮಂದಿಗೆ ಮತ್ತು ಹೆಂಗಸರಲ್ಲಿ ಶೇ. 21 ಮಂದಿಗೆ ರಕ್ತದೊತ್ತಡ ಏರಿತ್ತು ಅಥವಾ ಅವರು ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರು.

ದಂಪತಿಗಳು ಗಮನಿಸಬೇಕಾದ ಇನ್ನೊಂದು ಅಂಕಿ ಇದೆ. 2023ರ ಡಿಸೆಂಬರಿನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕ, ಇಂಗ್ಲೆಂಡ್, ಚೀನಾ ಮತ್ತು ಭಾರತದ ನಡುವಯಸ್ಸಿನ ಹಾಗೂ ವಯಸ್ಸಾದ ದಂಪತಿಗಳನ್ನು ನೋಡಿತು. ಭಾರತದ 22 ಸಾವಿರಕ್ಕೂ ಹೆಚ್ಚು ಜೋಡಿಗಳಲ್ಲಿ, ಸುಮಾರು ಐದರಲ್ಲಿ ಒಂದು ಜೋಡಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಏರು ರಕ್ತದೊತ್ತಡವಿತ್ತು. ಗಂಡನಿಗೆ ಬಿ.ಪಿ. ಇದ್ದ ಮನೆಯಲ್ಲಿ ಹೆಂಡತಿಗೂ ಅದು ಇರುವ ಸಾಧ್ಯತೆ ಉಳಿದ ಮನೆಗಳಿಗಿಂತ ಹೆಚ್ಚು. ಇದರಲ್ಲಿ ಆಶ್ಚರ್ಯವೇನಿದೆ? ಇಬ್ಬರದೂ ಒಂದೇ ಪಾತ್ರೆಯ ಸಾರು, ಒಂದೇ ಮನೆಯ ಚಿಂತೆ. ಆದ್ದರಿಂದ ಪತಿಗೆ ಬಿ.ಪಿ. ಇದೆ ಎಂದು ತಿಳಿದ ದಿನವೇ ಪತ್ನಿಯೂ ತೋಳು ಚಾಚಿ ಅಳೆಸಿಕೊಳ್ಳುವುದು ಜಾಣತನ.

ಪಥ್ಯ ಮಾತ್ರವೇ ಇದ್ದ ಕಾಲ

‘ಹಿಂದಿನವರು ಮಾತ್ರೆ ಇಲ್ಲದೆ ಬದುಕಿರಲಿಲ್ಲವೇ?’ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಹಿಂದಿನವರಲ್ಲಿ ಬಿ.ಪಿ. ಏರಿದವರಿಗೆ ಏನಾಗುತ್ತಿತ್ತು ಎಂಬುದಕ್ಕೆ ಚರಿತ್ರೆಯಲ್ಲಿ ದಾಖಲಾದ ಒಂದು ಉದಾಹರಣೆ ನೋಡಿ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚಿಯಲ್ಲಿ ಹೃದಯತಜ್ಞ ಡಾ. ಹೋವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ ರಕ್ತದೊತ್ತಡ 186/108 ಇತ್ತು. ಉಪ್ಪು ಕಡಿಮೆಯಾದ ಊಟ, ವಿಶ್ರಾಂತಿ, ಸಿಗರೇಟು ಕಡಿತ, ತೂಕ ಇಳಿಕೆ ಎಲ್ಲವೂ ನಡೆಯಿತು. ದುರ್ಬಲವಾಗುತ್ತಿದ್ದ ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು. ಒತ್ತಡವನ್ನೇ ಇಳಿಸುವ ಒಳ್ಳೆಯ ಔಷಧಿ ಆಗ ಜಗತ್ತಿನಲ್ಲೇ ಇರಲಿಲ್ಲ. 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಆಗ ವಯಸ್ಸು 63. ಆ ದಿನ ಅಳೆದ ಒತ್ತಡ 300/190. ಇಂದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಮಾತ್ರೆ ಅಂದು ಅಮೆರಿಕದ ಅಧ್ಯಕ್ಷರಿಗೆ ಸಿಗಲಿಲ್ಲ.

ಅದೇ ಕಾಲದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ವಾಲ್ಟರ್ ಕೆಂಪ್ನರ್ ಅನ್ನದ ಪಥ್ಯವನ್ನು ಪ್ರಯೋಗಿಸಿದರು. ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ. ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತೀವ್ರ ರಕ್ತದೊತ್ತಡದ ಎಷ್ಟೋ ರೋಗಿಗಳಲ್ಲಿ ಒತ್ತಡ ಇಳಿಯಿತು. ಪಥ್ಯಕ್ಕೆ ಶಕ್ತಿ ಇದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಒಗ್ಗರಣೆಯಿಲ್ಲದ, ಉಪ್ಪಿಲ್ಲದ, ಮೊಸರೂ ಇಲ್ಲದ ಅನ್ನವನ್ನು ದಿನಕ್ಕೆ ಮೂರು ಹೊತ್ತು ವರ್ಷಗಟ್ಟಲೆ ಯಾರು ಉಂಡಾರು? ಅನ್ನವೇ ಮುಖ್ಯ ಆಹಾರವಾದ ನಮಗೂ ಅದು ಅಸಾಧ್ಯ. ತಿಂಗಳೊಪ್ಪತ್ತು ಮಾಡಿ ಬಿಟ್ಟುಬಿಡುವ ಕಠಿಣ ಪಥ್ಯದಿಂದ ಮೂವತ್ತು ವರ್ಷ ಕಾಡುವ ಕಾಯಿಲೆಯನ್ನು ಹಿಡಿದಿಡಲಾಗದು.

ಮಾತ್ರೆ ನಮ್ಮ ಬೇರಿನಿಂದಲೂ ಬಂದಿದೆ

ಮಾತ್ರೆ ಎಂದರೆ ರಾಸಾಯನಿಕ, ಪಥ್ಯ ಎಂದರೆ ಪ್ರಕೃತಿ ಎಂದು ವಿಂಗಡಿಸುವವರು ಸರ್ಪಗಂಧದ ಕಥೆಯನ್ನು ತಿಳಿಯಬೇಕು. ನಮ್ಮ ವೈದ್ಯ ಪದ್ಧತಿಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿದ್ದ ಈ ಬೇರಿಗೆ ರಕ್ತದೊತ್ತಡ ಇಳಿಸುವ ಗುಣವಿದೆ ಎಂದು ಬೊಂಬಾಯಿಯ ಹೃದ್ರೋಗತಜ್ಞ ಡಾ. ರುಸ್ತುಂ ಜಲ್ ವಕೀಲ್ 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಬರೆದರು. ಜಗತ್ತಿನ ವೈದ್ಯರು ಕಿವಿ ನಿಮಿರಿಸಿದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಲಾಯಿತು. 1957ರಲ್ಲಿ ಡಾ. ವಕೀಲರಿಗೆ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಬಂದಿತು.

ಮುಂದೆ 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಡಾ. ಎಡ್ವರ್ಡ್ ಫ್ರೀಸ್ ನೇತೃತ್ವದಲ್ಲಿ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಕೆಳಗಿನ ಅಂಕಿ 115ರಿಂದ 129 ಇದ್ದ 143 ಗಂಡಸರಲ್ಲಿ ಅರ್ಧ ಮಂದಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಎರಡು ವರ್ಷ ತುಂಬುವ ಮೊದಲೇ ವ್ಯತ್ಯಾಸ ಎದ್ದು ಕಂಡಿತು. ಪಾರ್ಶ್ವವಾಯು, ಹೃದಯದ ಸೋಲು, ಸಾವು ಹೆಚ್ಚಾಗಿ ಆದದ್ದು ಹುಸಿ ಮಾತ್ರೆಯವರ ಗುಂಪಿನಲ್ಲೇ. ಆ ನಿಜವಾದ ಔಷಧಿಗಳಲ್ಲಿ ಒಂದು ರಿಸರ್ಪಿನ್.

ಇಂದು ರಿಸರ್ಪಿನ್ ಬಳಕೆ ಬಹಳ ಕಡಿಮೆ. ಹೆಚ್ಚಿನ ಪ್ರಮಾಣದಲ್ಲಿ ಅದು ಮನಸ್ಸಿಗೆ ಖಿನ್ನತೆ ತರಬಹುದು. ಅದಕ್ಕಿಂತ ಸುರಕ್ಷಿತ ಔಷಧಿಗಳು ಬಂದಿವೆ. ಬೇರನ್ನು ತೇಯ್ದು ಕುಡಿದರೂ ಅಡ್ಡಪರಿಣಾಮ ತಪ್ಪುವುದಿಲ್ಲ. ಜೊತೆಗೆ ಎಷ್ಟು ಸತ್ವ ಹೊಟ್ಟೆಗೆ ಹೋಯಿತು ಎಂಬ ಲೆಕ್ಕವೂ ಸಿಗುವುದಿಲ್ಲ. ಬೆಳ್ಳುಳ್ಳಿ, ನುಗ್ಗೆಸೊಪ್ಪು, ಮೆಂತ್ಯ ಮುಂತಾದವನ್ನು ಅಡುಗೆಯಲ್ಲಿ ಧಾರಾಳವಾಗಿ ಬಳಸಿ, ಒಳ್ಳೆಯ ಆಹಾರವೇ ಸರಿ. ಆದರೆ ಅವನ್ನು ನಂಬಿ ಬರೆದುಕೊಟ್ಟ ಮಾತ್ರೆಯನ್ನು ಡಬ್ಬಿಯಲ್ಲೇ ಉಳಿಸಬೇಡಿ.

ತಕ್ಕಡಿಯಲ್ಲಿಟ್ಟು ನೋಡಿದಾಗ

ಪಥ್ಯದಿಂದ ಎಷ್ಟು ಇಳಿಯುತ್ತದೆ, ಮಾತ್ರೆಯಿಂದ ಎಷ್ಟು? ಇದನ್ನು ಊಹಿಸಬೇಕಾಗಿಲ್ಲ, ಅಳೆದವರಿದ್ದಾರೆ.

1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡ್ಯಾಶ್’ ಎಂಬ ಹೆಸರಿನ ಪ್ರಯೋಗದಲ್ಲಿ ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು ಮೊಸರು ಹೆಚ್ಚಾಗಿರುವ ಊಟವನ್ನು ಎಂಟು ವಾರ ಕೊಟ್ಟರು. ಏರು ರಕ್ತದೊತ್ತಡ ಇದ್ದವರಲ್ಲಿ, ಮಾಮೂಲಿ ಊಟ ಉಂಡವರಿಗೆ ಹೋಲಿಸಿದರೆ, ಮೇಲಿನ ಅಂಕಿ 11.4ರಷ್ಟು, ಕೆಳಗಿನ ಅಂಕಿ 5.5ರಷ್ಟು ಹೆಚ್ಚು ಇಳಿಯಿತು. ಊಟವೆಲ್ಲ ಪ್ರಯೋಗಶಾಲೆಯವರೇ ತಯಾರಿಸಿ ಕೊಟ್ಟದ್ದು ಎಂಬುದನ್ನು ಮರೆಯಬಾರದು.

1993ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ಮನೆಯ ಜಗಳಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಸೌಮ್ಯ ಪ್ರಮಾಣದ ರಕ್ತದೊತ್ತಡ ಇದ್ದ 902 ಮಂದಿಯನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡರು. ಎಲ್ಲರೂ ತೂಕ ಇಳಿಸಲು, ಉಪ್ಪು ಮತ್ತು ಮದ್ಯ ಕಡಿಮೆ ಮಾಡಲು, ನಡೆದಾಡಲು ಒಪ್ಪಿದ್ದರು. ಕೆಲವರಿಗೆ ಅದರ ಜೊತೆ ಹುಸಿ ಮಾತ್ರೆ, ಉಳಿದವರಿಗೆ ನಿಜವಾದ ಮಾತ್ರೆ. ಪಥ್ಯ ಮಾತ್ರ ಇದ್ದವರಲ್ಲಿ ಒತ್ತಡ ಸರಾಸರಿ 9.1/8.6ರಷ್ಟು ಇಳಿಯಿತು. ಪಥ್ಯದ ಜೊತೆ ಮಾತ್ರೆಯೂ ಇದ್ದವರಲ್ಲಿ 15.9/12.3ರಷ್ಟು.

ಈ ಅಂಕಿಗಳನ್ನು ನಿಮ್ಮ ಮನೆಯ ಲೆಕ್ಕಕ್ಕೆ ಹಾಕಿ ನೋಡಿ. ಮೇಲಿನ ಅಂಕಿ 146 ಇರುವವರು ಶ್ರದ್ಧೆಯಿಂದ ಪಥ್ಯ ಮಾಡಿ ಹತ್ತು ಇಳಿಸಿದರೆ 136. ಮಾತ್ರೆಯನ್ನು ಸದ್ಯಕ್ಕೆ ಮುಂದೂಡಬಹುದೇನೋ. 172 ಇರುವವರು ಅಷ್ಟೇ ಶ್ರದ್ಧೆಯಿಂದ ಹತ್ತು ಇಳಿಸಿದರೆ 162. ಅವರ ಪಥ್ಯ ಸೋತಿಲ್ಲ, ತನ್ನ ಕೆಲಸವನ್ನು ಪೂರ್ತಿ ಮಾಡಿದೆ. ಆದರೆ ಉಳಿದ ದೂರವನ್ನು ಮಾತ್ರೆಯೇ ಕ್ರಮಿಸಬೇಕು. ಇದು ಸರಾಸರಿ ಲೆಕ್ಕ, ಒಬ್ಬೊಬ್ಬರಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಆದರೂ ಗಂಡ ಹೆಂಡತಿ ಕೂಡಿ ಕುಳಿತು ಈ ಲೆಕ್ಕವನ್ನು ಮಾಡಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಯಾರು ಕಾಯಬಹುದು, ಯಾರು ಕಾಯಬಾರದು?

ಬೇರೆ ಬೇರೆ ದಿನ ಅಳೆದಾಗಲೂ ಆಸ್ಪತ್ರೆಯಲ್ಲಿ 140/90 ಅಥವಾ ಹೆಚ್ಚು ಬಂದರೆ ಏರು ರಕ್ತದೊತ್ತಡ ಎನ್ನುತ್ತಾರೆ. ಮನೆಯಲ್ಲಿ ಅಳೆದ ಸರಾಸರಿಗೆ ಈ ಗಡಿ 135/85. ಅಮೆರಿಕದ ತಜ್ಞರು 2017ರಲ್ಲಿ ಗಡಿಯನ್ನು 130/80ಕ್ಕೆ ಇಳಿಸಿದ್ದಾರೆ. ಆದರೆ ನಮ್ಮಲ್ಲಿ ಬಳಕೆಯಲ್ಲಿರುವುದು 140/90.

ಮೇಲಿನ ಅಂಕಿ 140ರಿಂದ 159, ಕೆಳಗಿನದು 90ರಿಂದ 99ರ ಒಳಗೆ ಇದ್ದು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹೃದಯದ ತೊಂದರೆ ಯಾವುದೂ ಇಲ್ಲದಿದ್ದರೆ, ‘ಮೊದಲು ಪಥ್ಯ ಮಾಡಿ ನೋಡುತ್ತೇವೆ’ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೊಂದು ಗಡುವು ಬೇಕು. ಮೂರು ತಿಂಗಳು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಬಂದಾಗಲೂ ಒತ್ತಡ ಗಡಿಯ ಮೇಲೇ ಇದ್ದರೆ ಮಾತ್ರೆ ಆರಂಭಿಸುತ್ತೇವೆ ಎಂದು ಮೊದಲೇ ಇಬ್ಬರೂ ಒಪ್ಪಿಕೊಳ್ಳಿ. ‘ಯುಗಾದಿ ಕಳೆಯಲಿ’, ‘ಮಗಳ ಮದುವೆ ಮುಗಿಯಲಿ’ ಎಂದು ಗಡುವನ್ನು ಜರುಗಿಸುತ್ತ ಹೋದರೆ ಪಥ್ಯ ಹೆಸರಿಗಷ್ಟೇ ಉಳಿಯುತ್ತದೆ.

160/100 ಮುಟ್ಟಿದವರಿಗೆ ಕಾಯುವ ಅವಕಾಶವಿಲ್ಲ. ಪಥ್ಯವನ್ನೂ ಮಾತ್ರೆಯನ್ನೂ ಒಟ್ಟಿಗೇ ಆರಂಭಿಸಬೇಕು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಹಿಂದೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ ಅದಕ್ಕಿಂತ ಕಡಿಮೆ ಅಂಕಿಯಲ್ಲೇ ಮಾತ್ರೆ ಬೇಕಾಗಬಹುದು. ಗರ್ಭಿಣಿಯರ ರಕ್ತದೊತ್ತಡದ ವಿಷಯವೇ ಬೇರೆ. ಅಲ್ಲಿ ಕಾದು ನೋಡುವ ಪ್ರಯೋಗ ಸಲ್ಲದು. ಎಲ್ಲ ಮಾತ್ರೆಗಳೂ ಅವರಿಗೆ ಹೊಂದುವುದಿಲ್ಲ.

ಒತ್ತಡ 180/120 ದಾಟಿ, ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಬಲಗುಂದುವುದು, ಕಣ್ಣು ಮಂಜಾಗುವುದು ಕಂಡರೆ ಮನೆಯಲ್ಲಿ ಚರ್ಚೆ ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ಈ ಲಕ್ಷಣಗಳಿದ್ದರೆ ಅಂಕಿ ಎಷ್ಟೇ ಇರಲಿ, ತಡ ಮಾಡಬಾರದು.

ಅಳೆಯುವುದೂ ಒಂದು ಕೆಲಸ

ತೀರ್ಪನ್ನು ಅಳತೆಗೆ ಬಿಡಬೇಕು ಎಂದ ಮೇಲೆ ಅಳತೆ ಸರಿಯಾಗಿರಬೇಕು. ಮಾರುಕಟ್ಟೆಯಿಂದ ಭಾರ ಹೊತ್ತು ಬಂದವರನ್ನು ಕೂರಿಸಿ ತಕ್ಷಣ ಪಟ್ಟಿ ಸುತ್ತಿದರೆ ಸಿಗುವುದು ಮೆಟ್ಟಿಲು ಹತ್ತಿದ್ದರ ಒತ್ತಡ. ಕಾಫಿ, ಬೀಡಿ, ಸಿಗರೇಟು ಮುಗಿದು ಅರ್ಧ ಗಂಟೆಯಾಗಿರಬೇಕು. ಮೂತ್ರ ವಿಸರ್ಜನೆ ಮಾಡಿ ಬಂದು ಕುರ್ಚಿಗೆ ಬೆನ್ನು ಒರಗಿಸಿ, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೆಯ ಸಲ ಅಳೆಯಿರಿ.

ಮನೆಗೆ ಯಂತ್ರ ಕೊಳ್ಳುವುದಾದರೆ ತೋಳಿಗೆ ಸುತ್ತುವಂಥದ್ದನ್ನು ಕೊಳ್ಳಿ. ಮಣಿಕಟ್ಟಿನದು ಅಷ್ಟು ನಂಬಿಕೆಗೆ ಅರ್ಹವಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ವೈದ್ಯರ ಭೇಟಿಗೆ ಮುನ್ನ ಒಂದು ವಾರ ಬೆಳಿಗ್ಗೆ, ಸಂಜೆ ಅಳೆದು ಪುಸ್ತಕದಲ್ಲಿ ಬರೆದಿಡಿ. ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಕೆಲವರಿಗೆ ಬಿಳಿ ಕೋಟು ಕಂಡರೆ ಬಿ.ಪಿ. ಏರುತ್ತದೆ, ಮನೆಯಲ್ಲಿ ಸರಿ ಇರುತ್ತದೆ. ಇನ್ನು ಕೆಲವರದು ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಹೆಚ್ಚು. ಎರಡೂ ಈ ಪುಸ್ತಕದಲ್ಲಿ ಸಿಕ್ಕಿಬೀಳುತ್ತವೆ. ಹಾಗೆಂದು ದಿನಕ್ಕೆ ಹತ್ತು ಸಲ ಅಳೆಯುವ ಚಟ ಬೇಡ, ಆ ಗಾಬರಿಗೇ ಅಂಕಿ ಏರುತ್ತದೆ.

ಅಡುಗೆಮನೆ ಎಲ್ಲರದು

ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಿನ ಉಪ್ಪು ಕಾರ್ಖಾನೆಯ ಆಹಾರದ ಮೂಲಕ ದೇಹ ಸೇರುತ್ತದೆ. ನಮ್ಮಲ್ಲಿ ಇಂದಿಗೂ ಅದರ ಬಹುಭಾಗ ಬೀಳುವುದು ಮನೆಯ ಒಲೆಯ ಮೇಲಿನ ಪಾತ್ರೆಗೆ. ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಉಪ್ಪಿನ ಕೀಲಿಕೈ ನಮ್ಮ ಕೈಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಾವು ಅದನ್ನು ಬಹಳ ಮೀರಿ ತಿನ್ನುತ್ತಿದ್ದೇವೆ ಎಂದು ಭಾರತದಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ.

ಚಮಚದ ಲೆಕ್ಕ ಕಷ್ಟ ಎನಿಸಿದರೆ ಪ್ಯಾಕೆಟ್ಟಿನ ಲೆಕ್ಕ ಇಡಿ. ನಾಲ್ವರು ದೊಡ್ಡವರಿರುವ ಮನೆಯಲ್ಲಿ ಒಬ್ಬರಿಗೆ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಉಪ್ಪು 50 ದಿನ ಬರಬೇಕು. ಪ್ಯಾಕೆಟ್ ಒಡೆದ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ. ತಿಂಗಳೊಳಗೆ ಮುಗಿದರೆ, ಯಾರ ನಾಲಿಗೆಯ ಮೇಲೂ ತಪ್ಪು ಹೊರಿಸದೆ, ಡಬ್ಬಿಯೇ ಸಾಕ್ಷಿ ಹೇಳುತ್ತದೆ. ಉಪ್ಪಿನಕಾಯಿ ಮತ್ತು ಹೊರಗಿನ ತಿಂಡಿಗಳ ಉಪ್ಪು ಇದಕ್ಕೆ ಸೇರಿಲ್ಲ ಎಂಬುದು ನೆನಪಿರಲಿ.

ನಮ್ಮ ಊಟದ ಬುನಾದಿಯಾದ ಅನ್ನಕ್ಕೂ ರಾಗಿಮುದ್ದೆಗೂ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಉಪ್ಪು ಕುಳಿತಿರುವುದು ಪಕ್ಕದಲ್ಲಿ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಕರಾವಳಿಯ ಒಣಮೀನು, ಬೇಕರಿಯ ಖಾರ. ಜೊತೆಗೆ ಮಜ್ಜಿಗೆಗೆ ಬೀಳುವ ಒಂದು ಚಿಟಿಕೆ. ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದರೆ ಮನೆಯಲ್ಲಿ ದಂಗೆ ಏಳುತ್ತದೆ. ಸಾರು ಹುಳಿಗೆ ಹಾಕುವ ಉಪ್ಪನ್ನು ವಾರಕ್ಕಿಷ್ಟು ಎಂದು ಇಳಿಸುತ್ತ ಬನ್ನಿ, ನಿಂಬೆಹುಳಿ, ಶುಂಠಿ, ಕೊತ್ತಂಬರಿ, ಮೆಣಸಿನಿಂದ ರುಚಿ ತುಂಬಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಸೈಂಧವ ಲವಣ ಅಥವಾ ಕಲ್ಲುಪ್ಪಿಗೆ ಬದಲಾಯಿಸಿದರೆ ಪಥ್ಯವಾಯಿತು ಎಂದುಕೊಳ್ಳಬೇಡಿ, ಅವೂ ಸೋಡಿಯಂ ಕ್ಲೋರೈಡೇ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು ಈಗ ಅಂಗಡಿಯಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಕೆಲವು ಬಗೆಯ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯಕಾರಿ. ವೈದ್ಯರನ್ನು ಕೇಳಿಯೇ ತನ್ನಿ.

ಒಬ್ಬರಿಗಾಗಿ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿ, ಉಳಿದವರು ಎದುರಿಗೇ ಹಪ್ಪಳ ಮುರಿಯುವುದು ಪಥ್ಯವಲ್ಲ, ಶಿಕ್ಷೆ. ಎಲ್ಲರ ತಟ್ಟೆಗೂ ಒಂದೇ ಸಾರು ಬರಲಿ. ಸಂಜೆ ಅರ್ಧ ಗಂಟೆಯ ನಡಿಗೆಗೆ ‘ನೀವು ಹೋಗಿ ಬನ್ನಿ’ ಎನ್ನುವ ಬದಲು ಇಬ್ಬರೂ ಚಪ್ಪಲಿ ಮೆಟ್ಟಿ ಹೊರಡಿ. ತೂಕ ಹೆಚ್ಚಿರುವವರಲ್ಲಿ ಒಂದು ಕಿಲೋ ಇಳಿದರೆ ಸುಮಾರು ಒಂದು ಅಂಕಿ ಒತ್ತಡ ಇಳಿಯುತ್ತದೆ. ಮದ್ಯ ಬಿಟ್ಟರೆ ಇನ್ನಷ್ಟು. ತಂಬಾಕು ಬಿಡುವುದು ರಕ್ತನಾಳಗಳನ್ನು ಉಳಿಸಲು.

ಮಗ್ಗುಲಲ್ಲಿ ಮಲಗುವವರಿಗೆ ಮಾತ್ರ ತಿಳಿಯುವ ಒಂದು ಸಂಗತಿಯೂ ಇದೆ. ಜೋರಾದ ಗೊರಕೆ, ನಡುನಡುವೆ ಉಸಿರು ನಿಂತು ಮತ್ತೆ ಏದುಸಿರಿನಿಂದ ಶುರುವಾಗುವುದು, ಹಗಲು ತೂಕಡಿಕೆ ಇವೆಲ್ಲ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ನಿದ್ರೆಯಲ್ಲಿ ಉಸಿರು ಕಟ್ಟುವ ಈ ತೊಂದರೆ ರಕ್ತದೊತ್ತಡವನ್ನು ಏರಿಸುತ್ತದೆ, ಮಾತ್ರೆಗೂ ಬಗ್ಗದಂತೆ ಮಾಡುತ್ತದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳೂ ಒತ್ತಡ ಏರಿಸಬಲ್ಲವು.

ಮಾತ್ರೆಯ ಹೊಣೆ ಕಾಯಿಲೆಯವರದು

ಪಥ್ಯದಲ್ಲಿ ಜೊತೆಯಾಗಿ, ಮಾತ್ರೆಯ ವಿಷಯದಲ್ಲಿ ಪೊಲೀಸಾಗಬೇಡಿ. ‘ನುಂಗಿದಿರಾ? ತೋರಿಸಿ’ ಎಂದು ದಿನವೂ ವಿಚಾರಣೆ ನಡೆದ ಮನೆಯಲ್ಲಿ ಮಾತ್ರೆ ಹೂವಿನ ಕುಂಡಕ್ಕೆ ಬೀಳುತ್ತದೆ. ಹಲ್ಲುಜ್ಜುವ ಬ್ರಶ್ಶಿನ ಪಕ್ಕವೋ ಕಾಫಿ ಲೋಟದ ಪಕ್ಕವೋ, ದಿನಾ ಕಣ್ಣಿಗೆ ಬೀಳುವ, ಮಕ್ಕಳ ಕೈಗೆ ಎಟುಕದ ಕಡೆ ಡಬ್ಬಿ ಇರಲಿ. ಮರೆತ ಮಾತ್ರೆಗೆ ಬದಲಾಗಿ ಮರುದಿನ ಎರಡು ನುಂಗುವುದು ಬೇಡ. ತಪಾಸಣೆಗೆ ಹೋಗುವ ಬೆಳಿಗ್ಗೆ, ಏಕಾದಶಿಯ ಉಪವಾಸದ ದಿನ ಮಾತ್ರೆ ಬಿಡುವ ರೂಢಿ ಹಲವರಲ್ಲಿದೆ. ವೈದ್ಯರು ಹೇಳದ ಹೊರತು ಬಿಡಬಾರದು.

ಮಾತ್ರೆಯಿಂದ ತೊಂದರೆಯಾದರೆ ಮುಚ್ಚಿಡದೆ ಹೇಳುವ ಧೈರ್ಯ ಕಾಯಿಲೆಯವರಿಗೆ ಇರಬೇಕು, ಕೇಳುವ ತಾಳ್ಮೆ ಮನೆಯವರಿಗೆ ಇರಬೇಕು. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ, ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳಿಂದ ಒಣಕೆಮ್ಮು ಬರಬಹುದು, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಸುಸ್ತಾಗಬಹುದು. ಇದಕ್ಕೆಲ್ಲ ಪರ್ಯಾಯ ಉಂಟು. ಪ್ರಮಾಣ ಬದಲಾಗಬಹುದು, ಗುಂಪೇ ಬದಲಾಗಬಹುದು. ಆದರೆ ತಾವಾಗಿ ನಿಲ್ಲಿಸುವುದು ಸಲ್ಲದು. ಕೆಲವು ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲಕ್ಕೆ ಚಿಮ್ಮುತ್ತದೆ.

ಇಲ್ಲಿ ಗಂಡಸರಿಗೆ ಒಂದು ಮಾತು. ಮನೆಯೊಡೆಯರ ಮಾತ್ರೆ ಮುಗಿದರೆ ಅದೇ ಸಂಜೆ ಬರುತ್ತದೆ. ಮನೆಯಾಕೆಯದು ಮುಗಿದರೆ ‘ಮುಂದಿನ ವಾರ ನೋಡೋಣ’ ಎಂದು ಅವರೇ ತಳ್ಳುತ್ತಾರೆ, ನೀವೂ ಸುಮ್ಮನಿರುತ್ತೀರಿ. ಅಡುಗೆಮನೆಯಲ್ಲಿ ಎಲ್ಲರ ಪಥ್ಯ ನೋಡಿಕೊಳ್ಳುವವರ ಚೀಟಿಯನ್ನು ತಿಂಗಳಿಗೊಮ್ಮೆ ನೀವು ಕೈಗೆತ್ತಿಕೊಳ್ಳಿ. ಬಿ.ಪಿ.ಯ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ, ಜನೌಷಧಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆ.

ಜೀವನಪರ್ಯಂತವೇ?

‘ಒಮ್ಮೆ ಹಿಡಿದರೆ ಬಿಡುವಂತಿಲ್ಲವಂತೆ’ ಎಂಬ ಭಯವೇ ಬಹಳ ಜನರನ್ನು ಮಾತ್ರೆಯಿಂದ ದೂರ ಇಟ್ಟಿದೆ. ಬಿಡಲಾಗದ್ದು ಮಾತ್ರೆಯ ಚಟದಿಂದಲ್ಲ. ಕಾಯಿಲೆ ದೀರ್ಘಕಾಲದ್ದು, ಅಷ್ಟೆ. ಕನ್ನಡಕ ಹಾಕಿದವರು ಕನ್ನಡಕದ ದಾಸರಾದರು ಎಂದು ನಾವು ಹೇಳುವುದಿಲ್ಲ. ತೆಗೆದರೆ ಅಕ್ಷರ ಮಂಜಾಗುತ್ತದೆ, ಹಾಕಿದರೆ ಪತ್ರಿಕೆ ಓದಬಹುದು. ಮಾತ್ರೆ ನುಂಗಿ 128 ಬಂದಿದೆ ಎಂದರೆ ಕಾಯಿಲೆ ವಾಸಿಯಾಯಿತು ಎಂದಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಂದೇ ಔಷಧಿಯಲ್ಲಿ ಒತ್ತಡ ಹತೋಟಿಗೆ ಬಂದಿದ್ದ 60ರಿಂದ 80 ವರ್ಷದವರಲ್ಲಿ ವೈದ್ಯರ ಕಣ್ಗಾವಲಿನಲ್ಲೇ ಮಾತ್ರೆ ನಿಲ್ಲಿಸಿ ನೋಡಿದರು. ಉಪ್ಪು ಕಡಿಮೆ ಮಾಡಿದವರು, ತೂಕ ಇಳಿಸಿದವರು ಮಾತ್ರೆಯಿಲ್ಲದೆ ಉಳಿದ ಪ್ರಮಾಣ ಉಳಿದವರಿಗಿಂತ ಹೆಚ್ಚಾಗಿತ್ತು. ಆದರೂ ಅನೇಕರಿಗೆ ಮತ್ತೆ ಮಾತ್ರೆ ಬೇಕಾಯಿತು. ಮಾತ್ರೆ ಹಿಡಿದವರು ಪಥ್ಯವನ್ನು ಬಿಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಪಥ್ಯ ಗಟ್ಟಿಯಾಗಿದ್ದರೆ ಎರಡು ಮಾತ್ರೆಯ ಜಾಗದಲ್ಲಿ ಒಂದು ಸಾಕಾಗಬಹುದು. ಕೆಲವರಿಗೆ ಎಂದಾದರೂ ಅದೂ ಬೇಡವಾಗಬಹುದು. ಆ ತೀರ್ಮಾನ ವೈದ್ಯರದು, ಅಳತೆಯ ಪುಸ್ತಕದ್ದು.

ಈ ಭಾನುವಾರ ಬೆಳಿಗ್ಗೆ ಕಾಫಿಗೆ ಮೊದಲು ಮನೆಯಲ್ಲಿರುವ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕುಳಿತು ಬಿ.ಪಿ. ಅಳೆದುಕೊಳ್ಳಿ. ಯಂತ್ರವಿಲ್ಲದಿದ್ದರೆ ವಾರದಲ್ಲಿ ಒಂದು ದಿನ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ. ಉಪ್ಪಿನ ಡಬ್ಬಿಯ ಮೇಲೆ ತಾರೀಖು ಹಾಕಿ. ಮುಂದಿನ ಸಲ ಊಟದ ತಟ್ಟೆಯ ಮುಂದೆ ಮಾತು ಬೆಳೆದರೆ, ಪುಸ್ತಕ ತೆರೆದು ನೋಡಿ. ಯಾರು ಸರಿ ಎಂಬ ವಾದ ಅಲ್ಲಿಗೆ ಮುಗಿದು, ಈಗೇನು ಮಾಡಬೇಕು ಎಂಬ ಮಾತು ಶುರುವಾಗುತ್ತದೆ.